52 ಕೋಲು: ಒಂದು ಊರಿನ ಕವಿತೆಯ 11 ಕರಡುಗಳು

18 ಸಾಲಿನ ಒಂದು ಕವಿತೆ. ಅದಕ್ಕೆ 14 ತಿಂಗಳು ಹಿಡಿಯಿತು, 11 ಕರಡುಗಳಾದವು. ಅವೆಲ್ಲ ಈಗ ನನ್ನ ಮೇಜಿನ ಮೇಲಿವೆ. ಕೆಲವು ಕವಿತೆ ಬರೆದವಳೇ ಪ್ರಿಂಟ್ ತೆಗೆದು ಕೊಟ್ಟವು, ಕೆಲವು ವಾಟ್ಸಾಪಿನಿಂದ ನಾನು ಕೈಯಲ್ಲಿ ನಕಲು ಮಾಡಿಕೊಂಡವು. ಕೈಯಲ್ಲಿ ಬರೆದುಕೊಂಡರೆ ಎಲ್ಲಿ ಸಾಲು ಎಡವುತ್ತದೆ ಎಂದು ಬೆರಳಿಗೆ ಗೊತ್ತಾಗುತ್ತದೆ; ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದ ಕಾಲದಿಂದ ಬಂದ ರೂಢಿ.

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತನಾದವನು ನಾನು. ಹುಟ್ಟಿದ ಊರಿನ ಮೇಲೆ ಕವಿತೆ ಬರೆದು ತರುವವರು ನನ್ನಲ್ಲಿಗೆ ಬರುತ್ತಲೇ ಇರುತ್ತಾರೆ. ಹೆಚ್ಚಿನವರು ಈಗ ಊರಲ್ಲಿಲ್ಲ. ಮಂಗಳೂರು, ಬೆಂಗಳೂರು, ಕೊಲ್ಲಿ ದೇಶ. ಅವರ ಕವಿತೆಗಳಲ್ಲಿ ಪ್ರೀತಿಗೆ ಕೊರತೆ ಇರುವುದಿಲ್ಲ, ಊರು ಮಾತ್ರ ಕಾಣುವುದಿಲ್ಲ. ಈ ಒಂದು ಕವಿತೆಯಲ್ಲಿ ಊರು ಹೇಗೆ ಬಂತು ಎಂಬುದನ್ನು ಕರಡು ಕರಡಾಗಿ ಬರೆದಿಡಬೇಕು ಅನ್ನಿಸಿತು. ಬರೆದವಳು ಒಪ್ಪಿದ್ದಾಳೆ. ಹೆಸರು ಬೇಡ ಎಂದಿದ್ದಾಳೆ.

ಊರು

ಅವಳಿಗೆ 34 ವರ್ಷ. ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ. ಹುಟ್ಟಿ ಬೆಳೆದದ್ದು ಬಾಯಾರಿನ ಕಡೆ, ಗುಡ್ಡದ ಬುಡದ ಒಂದು ಅಡಕೆ ತೋಟದ ಮನೆ. ಮನೆಯಲ್ಲಿ ಹವ್ಯಕ ಕನ್ನಡ, ತೋಟದಲ್ಲಿ ಆಳುಗಳೊಂದಿಗೆ ತುಳು, ಬಸ್ಸಿನಲ್ಲಿ ಮಲಯಾಳ, ಶಾಲೆಯಲ್ಲಿ ಪುಸ್ತಕದ ಕನ್ನಡ. 17 ತುಂಬಿದಾಗ ಊರು ಬಿಟ್ಟಳು.

ಆ ಕಡೆಯ ಗುಡ್ಡಗಳನ್ನು ನೋಡದವರಿಗಾಗಿ ಒಂದೆರಡು ಮಾತು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆ ಇದು. ಆದರೆ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗುಡ್ಡೆ ನೀರನ್ನು ಮೇಲೆ ನಿಲ್ಲಗೊಡುವುದಿಲ್ಲ. ಆಟಿಯಲ್ಲಿ, ಮಳೆಗಾಲದ ನಡುವೆ, ಅಂಗಳದಲ್ಲೇ ಒರತೆ, ಶಿವರಾತ್ರಿ ಕಳೆಯುವಾಗ ತೋಡು ಬತ್ತಿ ಬಿಳಿ ಕಲ್ಲು. ಹಾಗಾಗಿ ಹಿಂದಿನವರು ಗುಡ್ಡದ ಬದಿಗೆ ಅಡ್ಡಕ್ಕೆ ಕೊರೆದರು. ಅದೇ ಸುರಂಗ. ಎರಡು, ಎರಡೂವರೆ ಅಡಿ ಅಗಲ, ಒಬ್ಬ ಮನುಷ್ಯ ನಡೆಯುವಷ್ಟು ಎತ್ತರ. ಒಳಗೆ ಹೋದಂತೆ ತುಸುವೇ ಏರು, ಸಿಕ್ಕಿದ ನೀರು ತಾನಾಗಿ ಹೊರಗೆ ಹರಿದು ಬರಲಿ ಎಂದು. ಬಾಯಿಯಿಂದ ಮಣ್ಣಿನ ಕೆರೆಗೆ ನೀರು ಹರಿಸಲು ಅಡಕೆ ಮರದ ದಂಬೆ. ಪಂಪು ಬೇಡ, ಕರೆಂಟು ಬೇಡ. ಉದ್ದ ಅಳೆಯುವುದು ಕೋಲಿನಲ್ಲಿ. ಒಂದು ಕೋಲೆಂದರೆ ಹೆಚ್ಚುಕಡಿಮೆ ಎರಡೂವರೆ ಅಡಿ. ಕೂಲಿಯೂ ಕೋಲಿನ ಲೆಕ್ಕದಲ್ಲೇ. ಕಾಸರಗೋಡು, ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಇಂಥವು ಸಾವಿರಾರು ಇವೆ. ಬೋರ್‌ವೆಲ್ ಬಂದ ಮೇಲೆ ಹೊಸತು ಕೊರೆಸುವವರು ಕಡಿಮೆಯಾದರು.

ಅವಳ ಮನೆಯ ನೀರು ಸುರಂಗದ್ದು. ಮೊದಲ ಕರಡಿನಲ್ಲಿ ಆ ಸುರಂಗ ಇರಲೇ ಇಲ್ಲ.

ಮೊದಲ ಮೂರು

ಮೊದಲ ಕರಡಿನ ತಲೆಬರಹ 'ನನ್ನೂರು'. ಅದರ ಮೂರು ಸಾಲು:

ಚಂದ್ರಗಿರಿಯ ತೆರೆಯಲಿ, ಬೇಕಲದ ಗೋಡೆಯಲಿ
ಏಳು ಭಾಷೆಯ ಹೂವ ಮಾಲೆ ನನ್ನೂರು
ಬಾಯಾರಿದವರಿಗೆ ನೀರೆರೆವ ಬಾಯಾರು

ನಾನು ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ. "ಬೇಕಲ ಕೋಟೆಗೆ ನೀನು ಎಷ್ಟು ಸಲ ಹೋಗಿದ್ದೀ ಮಗಾ?" ಒಂದು ಸಲ, ಏಳನೇ ಕ್ಲಾಸಿನ ಪ್ರವಾಸದಲ್ಲಿ. ಚಂದ್ರಗಿರಿಯೋ, ಬಸ್ಸಿನ ಕಿಟಕಿಯಿಂದ. ಅವಳ ಊರಿನ ತೋಡಿನ ನೀರು ಚಂದ್ರಗಿರಿಗೆ ಸೇರುವುದೂ ಇಲ್ಲ. ಜಿಲ್ಲೆಯ ಹೆಸರು ಹೇಳಿದರೆ ಎಲ್ಲರಿಗೂ ಗೊತ್ತಾಗುವ ಚಿತ್ರಗಳನ್ನು ತಂದು ಜೋಡಿಸಿದ್ದಳು. ಬಾಯಾರು, ಬಾಯಾರಿಕೆ ಎಂಬ ಮಾತಿನಾಟವೂ ಹಾಗೇ. ಆ ಊರಿನ ಹೆಸರು ಕೇಳಿದ ಯಾರಿಗಾದರೂ ಮೊದಲು ಹೊಳೆಯುವಂಥದ್ದು. 'ಸಪ್ತಭಾಷಾ ಸಂಗಮ ಭೂಮಿ' ಎಂದು ಇಲ್ಲಿಯ ಪ್ರತಿಯೊಂದು ಸಭೆಯಲ್ಲೂ ಸ್ವಾಗತ ಭಾಷಣದವರು ಹೇಳುತ್ತಾರೆ. ಅದು ನಿಜ. ಆದರೆ ಅದನ್ನು ಕವಿತೆಯಲ್ಲಿ ಹೇಳಿದರೆ ಒಂದು ಭಾಷೆಯೂ ಕಿವಿಗೆ ಬೀಳುವುದಿಲ್ಲ.

"ಹಾಗಾದರೆ ನಾನು ದಿನಾ ಕಂಡದ್ದು ಎಂತ ಮಾಷ್ಟ್ರೇ?" ಎಂದು ಅವಳೇ ಕೇಳಿದಳು. ಎರಡು ವಾರ ಕಳೆದು ಎರಡನೆಯ ಕರಡಿನಲ್ಲಿ ಸುರಂಗ ಬಂತು.

ಅಗೆದ ಕತ್ತಲ ಕೊನೆಗೆ ಕಂಡಿತು
ಹನಿಯ ಹಾಡಿನ ಬೆಳಕು ತಾನದು
ಗುಡ್ಡದೆದೆಯಲಿ ತಾಯ ಗರ್ಭವು

ಇದನ್ನು ಗಟ್ಟಿಯಾಗಿ ಓದಿ ನೋಡಿ. ಅಗೆದ, ಕತ್ತಲ, ಕೊನೆಗೆ, ಕಂಡಿತು. ಮೂರು ಮಾತ್ರೆ, ನಾಲ್ಕು ಮಾತ್ರೆ; ಮತ್ತೆ ಮೂರು, ನಾಲ್ಕು. ಭಾಮಿನಿ ಷಟ್ಪದಿಯ ನಡೆ. ಅವಳು ಛಂದಸ್ಸನ್ನು ಓದಿ ಬರೆದದ್ದಲ್ಲ. ಅವಳ ಅಜ್ಜನ ಅಂಗಳದಲ್ಲಿ ವರ್ಷಕ್ಕೊಂದು ತಾಳಮದ್ದಳೆ ಆಗುತ್ತಿತ್ತು. ಅಬ್ಬೆಯ ಮಡಿಲಲ್ಲಿ ನಿದ್ದೆ ಹೋಗುತ್ತಾ ಭಾಗವತರ ದನಿ ಕೇಳಿದ್ದಳು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ ಇದು. ಇಲ್ಲಿ ಬೆಳೆದವರ ಕಿವಿಯಲ್ಲಿ ಈ ಮೂರು-ನಾಲ್ಕು ಇದ್ದೇ ಇರುತ್ತದೆ, ಅದು ಐಶ್ವರ್ಯ. ಆದರೆ ಇಲ್ಲಿ ಆಗಿದ್ದೇನೆಂದರೆ ತಾಳ ತುಂಬಲು ಮಾತು ಬೇಕಾಗಿತ್ತು, ಮಾತಿಗೆ ಹೇಳಲು ಏನೂ ಇರಲಿಲ್ಲ. 'ತಾನದು' ಎಂದರೆ ಯಾವುದು? ಏನೂ ಅಲ್ಲ, ನಾಲ್ಕು ಮಾತ್ರೆ. 'ತಾಯ ಗರ್ಭ' ಎಂದದ್ದೂ ಸುರಂಗವನ್ನು ನೋಡಿ ಅಲ್ಲ. ಗುಹೆ ಎಂದೊಡನೆ ಗರ್ಭ ಎನ್ನುವುದು ಕನ್ನಡ ಕವಿತೆ ಓದಿದವರಿಗೆಲ್ಲ ಬಾಯಿಪಾಠ.

ಮಂಜೇಶ್ವರದ ಕವಿ ಗೋವಿಂದ ಪೈಗಳು ದ್ವಿತೀಯಾಕ್ಷರ ಪ್ರಾಸವನ್ನು, ಅಂದರೆ ಸಾಲು ಸಾಲಿನ ಎರಡನೆಯ ಅಕ್ಷರ ಒಂದೇ ಇರಬೇಕೆಂಬ ಕಟ್ಟನ್ನು, ಬಿಟ್ಟ ಸಂಗತಿಯನ್ನು ಅವಳಿಗೆ ನೆನಪಿಸಿದೆ. ಪ್ರಾಸದಲ್ಲಿ ಬರೆಯಲು ಬಾರದವರಲ್ಲ ಅವರು. ಬರುತ್ತಿದ್ದುದನ್ನು ಬಿಟ್ಟರು. ಅವಳ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ ಊರಿನವರು ಅಂಥ ಕೆಲಸ ಮಾಡಿದ್ದರು.

ಮೂರನೆಯ ಕರಡಿನಲ್ಲಿ ತಾಳ ಮುರಿದಿತ್ತು. ಗರ್ಭ ಮಾತ್ರ ಹಾಗೇ ಉಳಿದಿತ್ತು.

ಗಡಿಯ ಕವಿತೆ

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು.

ನಾನು ಬೆಳೆದದ್ದು ವಿಲೀನದ ಹೋರಾಟದ ದಿನಗಳಲ್ಲಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿಯಿಂದ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಅದು ಜಾರಿಗೆ ಬರಲೇ ಇಲ್ಲ. ಬದಿಯಡ್ಕದ ಪೆರಡಾಲದಲ್ಲಿದ್ದ ಕಯ್ಯಾರ ಕಿಞ್ಞಣ್ಣ ರೈಗಳು ಆ ನೋವನ್ನು ಹಾಡಾಗಿಸಿದ್ದನ್ನು ಕೇಳಿ ನಮ್ಮ ತಲೆಮಾರಿನ ರಕ್ತ ಬಿಸಿಯಾಗಿತ್ತು. ಹಾಗಾಗಿ ಕಾಸರಗೋಡಿನ ಹುಡುಗಿ ಊರಿನ ಕವಿತೆ ಬರೆಯುತ್ತಾಳೆಂದರೆ ಅದರಲ್ಲಿ ಗಡಿ ಇರಲೇಬೇಕು ಎಂದು ನನಗೆ ತೋರಿತು. "ಈ ನೀರು ಯಾವ ರಾಜ್ಯದ್ದು ಅಂತ ಕೇಳು ಮಗಾ" ಎಂದೆ. ಅವಳು ನನ್ನ ಮೇಲಿನ ಗೌರವಕ್ಕೆ ನಾಲ್ಕನೆಯ, ಐದನೆಯ ಕರಡುಗಳನ್ನು ಹಾಗೇ ಬರೆದಳು. ಗುಡ್ಡದೊಳಗಿನ ನೀರಿಗೆ ಗಡಿ ಗೊತ್ತಿಲ್ಲ, ನಕಾಶೆ ಬರೆದವರಿಗೆ ನೀರು ಗೊತ್ತಿಲ್ಲ, ಹೀಗೆ. ಸಭೆಯಲ್ಲಿ ಓದಿದರೆ ಚಪ್ಪಾಳೆ ಬೀಳುವ ಸಾಲುಗಳು. ಒಂದು ಗೋಷ್ಠಿಯಲ್ಲಿ ಓದಿದಳು, ಚಪ್ಪಾಳೆ ಬಿತ್ತು.

ಆ ರಾತ್ರಿ ಫೋನು ಮಾಡಿದಳು. "ಮಾಷ್ಟ್ರೇ, ಇದು ನಿಮ್ಮ ಕವಿತೆ. ನನ್ನದಲ್ಲ."

ಸರಿಯಾದ ಮಾತು. ಗಡಿಯ ನೋವು ಅವಳಿಗೂ ಇದೆ. ಹತ್ತರವರೆಗೆ ಕನ್ನಡದಲ್ಲಿ ಕಲಿತು, ಸರ್ಕಾರದ ಒಂದು ಅರ್ಜಿ ತುಂಬಲು ಮಲಯಾಳ ಬಲ್ಲವರನ್ನು ಹುಡುಕಿಕೊಂಡು ಹೋದವಳು. ಅದನ್ನು ಅವಳು ಬೇರೊಂದು ಕವಿತೆಯಲ್ಲಿ ಬರೆದಳು, ಚೆನ್ನಾಗಿ ಬರೆದಳು. ಆದರೆ ಸುರಂಗದ ನೆನಪಿಗೆ ನಾನು ನನ್ನ ಕಾಲದ ಸಿಟ್ಟನ್ನು ತುರುಕಿದ್ದೆ. ಗಡಿನಾಡಿನ ಕವಿಗಳ ಮೇಲೆ ಈ ಹೊರೆ ಸದಾ ಇರುತ್ತದೆ: ಎದುರು ಕುಳಿತವರು ಮೊದಲೇ ಒಂದು ಕವಿತೆಯನ್ನು ಕಾದು ಕುಳಿತಿರುತ್ತಾರೆ. ಹೊರೆ ಹೊರಿಸುವವರಲ್ಲಿ ನಾನೂ ಒಬ್ಬನಾಗಿದ್ದೆ.

ನಾಲ್ಕು ತಿಂಗಳು ಅವಳು ಏನೂ ಕಳಿಸಲಿಲ್ಲ.

ಒಳಗೆ ಹೋದವರು

ಡಿಸೆಂಬರಿನಲ್ಲಿ ಅವಳು ಊರಿಗೆ ಬಂದಳು. ಕಟ್ಟ ಕಟ್ಟುವ ಸಮಯ. ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು ಹಾಕಿ ಬೇಸಗೆಗೆ ನೀರು ನಿಲ್ಲಿಸಿಕೊಳ್ಳುವ ಕೆಲಸ. ನಾನು ಅವಳಿಗೆ ಇಷ್ಟೇ ಹೇಳಿದ್ದೆ: "ಸುರಂಗದ ಒಳಗೆ ಹೋಗಿ ಬಾ." ಅವಳು ಒಳಗೆ ಹೋಗಿರಲೇ ಇಲ್ಲ ಎಂದು ಆಗ ಗೊತ್ತಾಯಿತು. ಚಿಕ್ಕಂದಿನಲ್ಲಿ ಹಾವಿದೆ, ಬಾವಲಿ ಇದೆ ಎಂದು ಹೆದರಿಸಿದ್ದರು. ಬಾಯಿಯ ಹತ್ತಿರ ನಿಂತು ಕೂ ಎಂದು ಕೂಗಿ ಓಡಿ ಬರುತ್ತಿದ್ದಳು. ನಾಲ್ಕು ಕರಡುಗಳ ಕತ್ತಲೆ ಹೊರಗೆ ನಿಂತು ನೋಡಿದ ಕತ್ತಲೆ.

ಈಗಲೂ ಅವಳ ಅಪ್ಪ ಒಳಗೆ ಬಿಡಲಿಲ್ಲ, ಒಂದು ಕಡೆ ಮಣ್ಣು ಜರಿದಿತ್ತು. "ಕೊರೆದ ಜನ ಇದ್ದಾರೆ, ಬೇಕಾದರೆ ಕೇಳು" ಎಂದರು. ಗುಡ್ಡದ ಆಚೆ ಮಗ್ಗುಲಲ್ಲಿ ಅವರ ಮನೆ. ಪ್ರಾಯ 80 ದಾಟಿದೆ. ಅವಳ ಮನೆಯಲ್ಲಿ ಎಲ್ಲರೂ, ಚಿಕ್ಕ ಮಕ್ಕಳು ಕೂಡ, ಅವರನ್ನು ಬರಿಯ ಹೆಸರು ಹಿಡಿದೇ ಕರೆಯುತ್ತಿದ್ದುದು. ಅವಳೂ ಹಾಗೇ ಕರೆದವಳು. ಅವರ ಮೆಟ್ಟಿಲ ಹತ್ತಿರ ಹೋದಾಗ ಏನೆಂದು ಕರೆಯಬೇಕು ಎಂದು ನಾಲಿಗೆ ತಡವರಿಸಿತಂತೆ. ಆಮೇಲೆ "ಅಜ್ಜೆರೇ" ಎಂದಳು. ಅವರು ಎದ್ದು ನಿಂತು "ಬಲೆ ಅಕ್ಕೆರೇ" ಎಂದರು, ಬನ್ನಿ ಅಕ್ಕನವರೇ ಎಂದು. ಎಂಬತ್ತರ ಮುದುಕರು ಮೂವತ್ತನಾಲ್ಕರವಳಿಗೆ.

ಎರಡು ಗಂಟೆ ಮಾತಾಡಿದ್ದನ್ನು ಅವಳು ಮೊಬೈಲಿನಲ್ಲಿ ಹಿಡಿದು ತಂದಿದ್ದಳು. ಅವರ ಒಪ್ಪಿಗೆಯಿಂದ ನಾನೂ ಕೇಳಿದೆ. ನನ್ನ ಮನೆಮಾತು ತುಳು. ಹಾಗಾಗಿ ಅವರ ಮಾತಿನ ಸಣ್ಣ ಸಣ್ಣ ತಿರುವುಗಳೂ ನನಗೆ ತಾಗಿದವು.

ಕೊರೆಯುವಾಗ ಅವರಿಗೆ ಇಪ್ಪತ್ತೈದರ ಆಸುಪಾಸು. ಅವರು ಮುಂದೆ ಪಿಕ್ಕಾಸು ಹಿಡಿದು, ಹಿಂದೆ ಅವರ ತಮ್ಮ ಬುಟ್ಟಿಯಲ್ಲಿ ಮಣ್ಣು ಹೊತ್ತು. ತಿರುಗಿ ನಿಲ್ಲಲು ಜಾಗ ಇಲ್ಲ. ಮೊದಲ ಹತ್ತು ಕೋಲು ಏನೂ ಇಲ್ಲ, ಒಣ ಮಣ್ಣು, ಗೆದ್ದಲಿನ ಗೂಡು. ಆಮೇಲೆ ಹೊರಗಿನ ಬೆಳಕು ಸಾಲುವುದಿಲ್ಲ. ದೀಪ ಹಚ್ಚಿ ಪಕ್ಕದಲ್ಲಿಟ್ಟುಕೊಳ್ಳುವುದು; ದೀಪ ಕುಂದಿತೆಂದರೆ ಗಾಳಿ ಸಾಲದು, ಕೂಡಲೇ ಹೊರಗೆ ಬರಬೇಕು. ನೇರ ಹೋಗುತ್ತಿದೆಯೋ ಇಲ್ಲವೋ ಎಂದು ನೋಡುವುದೂ ಅದೇ ದೀಪದಲ್ಲಿ. ನೀರು ಹತ್ತಿರವಾದರೆ ಹೇಗೆ ಗೊತ್ತಾಗುತ್ತದೆ ಎಂದು ಅವಳು ಕೇಳಿದಳು. ಕಣ್ಣಿಗಲ್ಲ, ಕೆನ್ನೆಗೆ ಎಂದರು. ಗೋಡೆಗೆ ಕೆನ್ನೆ ಇಟ್ಟು ನೋಡುತ್ತಿದ್ದರಂತೆ. ಅಂಗೈ ದಪ್ಪಗಟ್ಟಿದೆ, ಅದಕ್ಕೆ ತಿಳಿಯುವುದಿಲ್ಲ. ಕೆನ್ನೆಗೆ ತಂಪು ಬೇಗ ತಿಳಿಯುತ್ತದೆ.

40 ಕೋಲಿಗೆ ಅವಳ ಅಜ್ಜ ಸಾಕು ಎಂದಿದ್ದರು. ಕೈಯಲ್ಲಿ ಹಣ ಇರಲಿಲ್ಲ. ಕೊರೆಯುವವರು ಮಾತ್ರ ಕೇಳಲಿಲ್ಲ. ತಂಪು ಸಿಕ್ಕಿ ಎಂಟು ಕೋಲು ಆಗಿತ್ತು. ಮೇಲಿನ 12 ಕೋಲಿನ ಕೂಲಿ ನೀರು ಸಿಕ್ಕಿದರೆ ಮಾತ್ರ ಕೊಡಿ ಎಂದರಂತೆ. 52ಕ್ಕೆ ಪಿಕ್ಕಾಸಿನ ತುದಿಯಲ್ಲಿ ಮಣ್ಣು ಕಪ್ಪಾಗಿ ಕಂಡಿತು, ಆಮೇಲೆ ನೂಲಿನಷ್ಟು ಸಪುರ ನೀರು. ಆ ಜಾಗಕ್ಕೆ ಬಂದಾಗ ರೆಕಾರ್ಡಿನಲ್ಲಿ ಅವರ ದನಿ ಬದಲಾಗುತ್ತದೆ. ಒಳಗಿನಿಂದ ಹೊರಕ್ಕೆ ತಮ್ಮನಿಗೆ ಕೂಗಿ ಹೇಳಿದ್ದನ್ನು ಹಾಗೇ ಕೂಗಿ ಹೇಳಿದರು: "ನೀರ್ ಬತ್ತ್‌ಂಡ್!" ಅಷ್ಟೂ ಹೊತ್ತು ಮೆಲ್ಲಗೆ ಮಾತಾಡುತ್ತಿದ್ದ ಮನುಷ್ಯ. ಹಿನ್ನೆಲೆಯಲ್ಲಿ ಒಂದು ಕೋಳಿ ಬೆದರಿ ಕೊಕ್ಕೊಕ್ಕೋ ಎನ್ನುವುದೂ ಕೇಳುತ್ತದೆ.

ಕೊನೆಗೆ, ಏಳುವ ಹೊತ್ತಿಗೆ, ಅವಳು ಕೇಳದೆಯೇ ಅವರು ಇನ್ನೊಂದು ಮಾತು ಹೇಳಿದರು. ನೀರು ಸಿಕ್ಕಿದ ದಿನ ಮನೆಯವರಿಗೆಲ್ಲ ಖುಷಿ. ಬೆಲ್ಲ ಕೊಟ್ಟರು, ಕುಡಿಯಲು ನೀರು ಕೊಟ್ಟರು, ಅದೇ ಸುರಂಗದ ನೀರು. ಅಂಗಳದಲ್ಲಿ ಬಗ್ಗಿ ಬೊಗಸೆ ಒಡ್ಡಿದ್ದು, ಮೇಲಿನಿಂದ ಹೊಯ್ದದ್ದು. ಇದನ್ನು ಅವರು ದೂರಿನ ದನಿಯಲ್ಲಿ ಹೇಳಲಿಲ್ಲ. ಬೆಲ್ಲ ಒಳ್ಳೆಯದಿತ್ತು ಎಂದದ್ದೂ ಅದೇ ದನಿಯಲ್ಲೇ.

ಅವಳು ನನಗೆ ಈ ಭಾಗವನ್ನು ಕೇಳಿಸಿದ್ದು ಮೂರು ತಿಂಗಳು ಕಳೆದ ಮೇಲೆ. ಅಲ್ಲಿಯವರೆಗೆ ರೆಕಾರ್ಡನ್ನು ಅದಕ್ಕಿಂತ ಮೊದಲೇ ನಿಲ್ಲಿಸುತ್ತಿದ್ದಳು.

ಆರು, ಏಳು, ಎಂಟನೆಯ ಕರಡುಗಳು ಆ ಮೂರು ತಿಂಗಳಲ್ಲಿ ಬಂದವು. ಗರ್ಭ ಹೋಯಿತು, ಗಡಿ ಹೋಯಿತು. ಕೋಲಿನ ಎಣಿಕೆ ಬಂತು: ಹತ್ತು, ಇಪ್ಪತ್ತು, ಮೂವತ್ತೆರಡು. ಕವಿತೆಗೆ ಅದರದ್ದೇ ತಾಳ ಸಿಕ್ಕಿದ್ದು ಅಲ್ಲೇ, ಕೂಲಿಯ ಲೆಕ್ಕದಲ್ಲಿ. ಕೆನ್ನೆ ಬಂತು. 'ನೀರು ಬಂದಿತು' ಎಂದು ಆರನೆಯದರಲ್ಲಿ ಇದ್ದದ್ದು ಏಳನೆಯದರಲ್ಲಿ 'ನೀರ್ ಬತ್ತ್‌ಂಡ್' ಆಯಿತು. ಕೆಳಗೆ ಟಿಪ್ಪಣಿ ಹಾಕಬೇಕೇ ಎಂದು ಕೇಳಿದಳು. ಬೇಡ ಎಂದೆ. ಧಾರವಾಡದವರಿಗೂ 'ನೀರ್' ಅರ್ಥವಾಗುತ್ತದೆ, ಮಿಕ್ಕದ್ದು ಕೂಗಿನಲ್ಲಿದೆ. ಮುರಕಲ್ಲು, ಪಿಕ್ಕಾಸು, ಕೋಲು ಎಂಬ ಮಾತುಗಳಿಗೂ ಟಿಪ್ಪಣಿ ಬೇಡವೆಂದೇ ನನ್ನ ಅಭಿಪ್ರಾಯ. ಓದುವವರು ಎಣಿಸುತ್ತಾ ಹೋದರೆ ಕೋಲೆಂದರೆ ಏನೆಂದು ಕವಿತೆಯೇ ಹೇಳಿಕೊಡುತ್ತದೆ. ಊರಿನ ಮಾತನ್ನು ಮದುವೆ ಮನೆಯ ಅಲಂಕಾರದ ಹಾಗೆ ಚೆಲ್ಲಿದರೆ ಟಿಪ್ಪಣಿ ಬೇಕಾಗುತ್ತದೆ, ಕೆಲಸದ ಜಾಗದಲ್ಲಿಟ್ಟರೆ ಬೇಕಾಗುವುದಿಲ್ಲ.

ಎಂಟನೆಯ ಕರಡು 'ನೀರ್ ಬತ್ತ್‌ಂಡ್' ಎಂಬಲ್ಲಿಗೆ ಮುಗಿಯುತ್ತಿತ್ತು. ಚಂದದ ಮುಕ್ತಾಯ. ನಾನು ಮುಗಿಯಿತು ಎಂದೇ ತಿಳಿದೆ, ಪತ್ರಿಕೆಗೆ ಕಳಿಸು ಎಂದೆ. ಕಳಿಸಲಿಲ್ಲ. ಒಂದು ಭಾನುವಾರ ಮನೆಗೆ ಬಂದು ರೆಕಾರ್ಡಿನ ಕೊನೆಯ ನಾಲ್ಕು ನಿಮಿಷ ಹಾಕಿದಳು.

ಬಹುವಚನ

ನಾನು ಏನು ಹೇಳಬೇಕಿತ್ತು? ನನ್ನ ಅಪ್ಪನೂ ಅಂಥ ಅಂಗಳಗಳಲ್ಲಿ ನೀರು ಕುಡಿದವರು. ಅದನ್ನು ಅವಳಿಗೆ ಆ ದಿನ ಹೇಳಲಿಲ್ಲ. ಹೇಳಿದ್ದರೆ ಐದನೆಯ ಕರಡಿನ ಹಾಗೆ ಅದೂ ನನ್ನ ಕವಿತೆಯಾಗುತ್ತಿತ್ತು. "ನಿನಗೆ ಬೇಕಿದ್ದರೆ ಬರೆ, ಇಲ್ಲದಿದ್ದರೆ ಎಂಟನೆಯದೇ ಇರಲಿ" ಎಂದೆ. ಅವಳು ಎರಡು ಮಾತಿನಲ್ಲಿ ತನ್ನ ಕಷ್ಟ ಹೇಳಿದಳು. ಅಜ್ಜ ಅವಳನ್ನು ಹೆಗಲ ಮೇಲೆ ಕೂರಿಸಿ ತೋಟ ತೋರಿಸಿದವರು. ಅವರನ್ನು ಕವಿತೆಯಲ್ಲಿ ಹೀಗೆ ನಿಲ್ಲಿಸಲು ಕೈ ಬರುವುದಿಲ್ಲ.

ಆಗ ನಾವಿಬ್ಬರೂ ಎಂಟನೆಯ ಕರಡನ್ನು ಮತ್ತೆ ಓದಿದೆವು. ಓದುತ್ತಾ ಓದುತ್ತಾ ಕಣ್ಣಿಗೆ ಬಿದ್ದದ್ದು ಈ ಎರಡು ಸಾಲು:

ಅಜ್ಜ ಸಾಕು ಎಂದರು.
ಅವ ಕೇಳಿಸಿಕೊಳ್ಳಲಿಲ್ಲ.

ಎಂದರು, ಅವ. ಕವಿತೆಯ ಉದ್ದಕ್ಕೂ ಹೀಗೇ. ಅಜ್ಜ ಬಂದರು, ನಿಂತರು, ಎಂದರು. ಕೊರೆದವರು ಹಚ್ಚಿದ, ಇಟ್ಟ, ಅಗೆದ. ಡಿಸೆಂಬರಿನಲ್ಲಿ 'ಅಜ್ಜೆರೇ' ಎಂದು ಕರೆದ ಅದೇ ನಾಲಿಗೆ ಬರೆಯಲು ಕುಳಿತಾಗ ಹಳೆಯ ಅಂಗಳಕ್ಕೇ ಹೋಗಿತ್ತು. ಅವಳಿಗೆ ಗೊತ್ತಿರಲಿಲ್ಲ. ಮೂರು ಕರಡು ಓದಿ ತಿದ್ದಿದ ನನಗೂ ಕಂಡಿರಲಿಲ್ಲ, ಅದು ನನ್ನನ್ನು ಈಗಲೂ ಚುಚ್ಚುತ್ತದೆ. ಊರಿನ ಕವಿತೆ ಬರೆಯುವವರಿಗೆ ನಾನು ಹೇಳಬೇಕೆಂದಿರುವುದೆಲ್ಲ ಆ 'ರು'ವಿನಲ್ಲಿದೆ. ನೆನಪು ನಮ್ಮದೆಂದು ತಿಳಿಯುತ್ತೇವೆ. ಯಾರಿಗೆ ಬಹುವಚನ, ಯಾರಿಗೆ ಏಕವಚನ ಎಂಬುದನ್ನು ಮನೆ ಮೊದಲೇ ತೀರ್ಮಾನಿಸಿ ನೆನಪಿನೊಳಗೆ ಇಟ್ಟಿರುತ್ತದೆ.

ಇಬ್ಬರಿಗೂ ಏಕವಚನ ಕೊಡಬಹುದಿತ್ತು. ಕನ್ನಡ ಕವಿತೆಯಲ್ಲಿ ದೇವರಿಗೂ ಏಕವಚನವೇ. ಸಾಲೂ ಬಿಗಿಯಾಗಿರುತ್ತಿತ್ತು, 'ಹಚ್ಚಿದ' ಎಂಬಲ್ಲಿರುವ ಚುರುಕು 'ಹಚ್ಚಿದರು' ಎಂಬಲ್ಲಿ ಇಲ್ಲ. ನಾನು ಅದನ್ನೇ ಸೂಚಿಸಿದೆ. ಅವಳು ಒಪ್ಪಲಿಲ್ಲ. "ಅಜ್ಜನಿಂದ ತೆಗೆಯುವುದಲ್ಲ ಮಾಷ್ಟ್ರೇ, ಇವರಿಗೆ ಕೊಡುವುದು." ಒಂಬತ್ತನೆಯ ಕರಡಿನಲ್ಲಿ ಎಲ್ಲ ಕ್ರಿಯಾಪದಗಳೂ ಬದಲಾದವು. ಸಾಲುಗಳು ಸಡಿಲವಾದವು ಎಂದು ಅವುಗಳನ್ನು ಇನ್ನೂ ಚಿಕ್ಕದು ಮಾಡಿದಳು. ಅಂಗಳದ ಮೂರು ಸಾಲುಗಳು ಬಂದದ್ದೂ ಅದರಲ್ಲೇ. ಕೊನೆಯ ಪದ 'ಹೊಯ್ದರು' ಎಂದಿತ್ತು. ಹತ್ತನೆಯದರಲ್ಲಿ 'ಹೊಯ್ದೆವು' ಆಯಿತು. ಆ ದಿನ ಅವಳು ಹುಟ್ಟಿರಲಿಲ್ಲ. ಆದರೂ ಆ 'ಎವು' ಅವಳದು, ನಾನು ಮುಟ್ಟಲಿಲ್ಲ.

ಮನೆಯವರು

ಅಚ್ಚಾಗುವ ಮೊದಲು ಮನೆಯಲ್ಲಿ ಓದಬೇಕು ಎಂದು ಅವಳೇ ನಿರ್ಧರಿಸಿದಳು. ಒಳ್ಳೆಯದು ಮಾಡಿದಳು. ಪತ್ರಿಕೆಯಲ್ಲಿ ನೋಡಿ ತಿಳಿಯುವುದಕ್ಕಿಂತ ಮಗಳ ಬಾಯಲ್ಲಿ ಕೇಳುವುದು ಮೇಲು.

ಅಬ್ಬೆ ಕೇಳಿ, "ಅದೆಲ್ಲ ಈಗ ಎಂತಕೆ ಬರವದು?" ಎಂದರು. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಪ್ಪು, ಹಾಂಗೇ ಇತ್ತು" ಎಂದು, ಹೌದು ಎಂದು ಒಪ್ಪಿ, ಎದ್ದು ಅಟ್ಟ ಹತ್ತಿದರು. ಅಜ್ಜನ ಲೆಕ್ಕದ ಪುಸ್ತಕಗಳ ಕಟ್ಟು ಅಲ್ಲಿತ್ತು, ಗೆದ್ದಲು ಹಿಡಿಯದಂತೆ ಹಾಳೆಯಲ್ಲಿ ಸುತ್ತಿದ್ದು. ಆ ವರ್ಷದ್ದನ್ನು ಹುಡುಕಿ ತೆಗೆದರು. ಸುರಂಗ, 52 ಕೋಲು, ಎಂದು ಅಜ್ಜನ ಅಕ್ಷರದಲ್ಲಿತ್ತು. ಮುದುಕರ ನೆನಪು ಒಂದು ಕೋಲೂ ತಪ್ಪಿರಲಿಲ್ಲ. ಕೂಲಿ ಪೂರ್ತಿ ಸಂದಾಯವಾದ ಗುರುತೂ ಇತ್ತು. ಎದುರು ಪುಟದಲ್ಲಿ ಒಂದು ದನ ಕರು ಹಾಕಿದ್ದು ಬರೆದಿತ್ತು, ದನದ ಹೆಸರು ಹಾಕಿ. ಈ ಪುಟದಲ್ಲಿ 'ಸುರಂಗದ ಆಳಿಗೆ' ಎಂದಷ್ಟೇ ಇತ್ತು.

ಲೆಕ್ಕಪತ್ರದಲ್ಲೇ ಬದುಕುವ ಹುಡುಗಿ ಆ ಎರಡು ಪುಟಗಳ ಫೋಟೋ ನನಗೆ ಕಳಿಸಿದಳು. ಇದನ್ನು ಕವಿತೆಗೆ ತರಬೇಕು, ದನಕ್ಕೆ ಹೆಸರಿದೆ, ಮನುಷ್ಯನಿಗಿಲ್ಲ, ಇದಕ್ಕಿಂತ ದೊಡ್ಡ ಸಾಲು ಸಿಗುವುದಿಲ್ಲ ಎಂದು ನಾನು ಒತ್ತಾಯ ಮಾಡಿದೆ. ಅವಳು ಒಂದು ರಾತ್ರಿ ಯೋಚಿಸಿ ಬೇಡ ಎಂದಳು. ಅದನ್ನು ಸೇರಿಸಿದರೆ ಕವಿತೆ ಅಜ್ಜನ ಮೇಲಿನ ತೀರ್ಪಾಗುತ್ತದೆ. 'ಹೊಯ್ದೆವು' ಎಂದ ಮೇಲೆ ತಾನು ತೀರ್ಪು ಕೊಡುವ ಜಾಗದಲ್ಲಿಲ್ಲ ಎಂದಳು. ಅವಳ ಮಾತೇ ಸರಿ ಎಂದು ನನಗೆ ಅನ್ನಿಸಲು ಸ್ವಲ್ಪ ಸಮಯ ಬೇಕಾಯಿತು.

ಆಮೇಲೆ ಒಂದು ದಿನ ನಾವಿಬ್ಬರೂ ಗುಡ್ಡದ ಆಚೆ ಮಗ್ಗುಲಿಗೆ ಹೋದೆವು. ಅವರ ಮೊಮ್ಮಗಳು ಕನ್ನಡ ಶಾಲೆಯಲ್ಲಿ ಕಲಿಯುವವಳು, ಅವಳೂ ಬಂದು ಬಾಗಿಲಿಗೆ ಒರಗಿ ನಿಂತಳು. ಕವಿತೆಯನ್ನು ಬರೆದವಳೇ ಕನ್ನಡದಲ್ಲಿ ಒಮ್ಮೆ ಓದಿ, ಆಮೇಲೆ ತುಳುವಿನಲ್ಲಿ ಸಾಲು ಸಾಲಾಗಿ ಹೇಳಿದಳು. ಅವರು ತಲೆ ತಗ್ಗಿಸಿ ಕೇಳುತ್ತಿದ್ದರು. 'ಚಿಮಿಣಿ ಹಚ್ಚಿದರು' ಎಂಬಲ್ಲಿ ಕೈ ಎತ್ತಿ ನಿಲ್ಲಿಸಿದರು. ಚಿಮಿಣಿ ಅಲ್ಲ ಎಂದರು. ಚಿಮಿಣಿ ಎಣ್ಣೆಯ ಹೊಗೆ ಒಳಗೆ ತುಂಬಿದರೆ ಕಣ್ಣು ಉರಿಯುತ್ತದೆ, ಕೆಲಸ ಆಗುವುದಿಲ್ಲ. ತಾವು ಕೊಂಡುಹೋಗುತ್ತಿದ್ದದ್ದು ಮೇಣದಬತ್ತಿ. ಅವಳು ಚೀಲದಿಂದ ಪೆನ್ನು ತೆಗೆದು ಅಲ್ಲೇ ತಿದ್ದಿದಳು. ಅದೇ ಹನ್ನೊಂದನೆಯ ಕರಡು:

ಮೊದಲ ಹತ್ತು ಕೋಲು
ಒಣ ಮಣ್ಣು, ಗೆದ್ದಲು.
ಬೆನ್ನ ಹಿಂದೆ ಬೆಳಕು ನಿಂತು ನೋಡಿತು.

ಇಪ್ಪತ್ತಕ್ಕೆ
ಬೆಳಕು ಮನೆಗೆ ಹೋಯಿತು.
ಮೇಣದಬತ್ತಿ ಹಚ್ಚಿದರು.

ಮೂವತ್ತೆರಡು.
ಗೋಡೆಗೆ ಕೆನ್ನೆ ಇಟ್ಟರು.
ತಂಪು. ನೀರಲ್ಲ.

ನಲುವತ್ತು.
ಅಜ್ಜ ಸಾಕು ಎಂದರು.
ಅವರು ಕೇಳಿಸಿಕೊಳ್ಳಲಿಲ್ಲ,
ಅಷ್ಟು ಒಳಗಿದ್ದರು.

ಐವತ್ತೆರಡು.
ನೀರ್ ಬತ್ತ್‌ಂಡ್.

ಅಂಗಳದಲ್ಲಿ ಬೊಗಸೆಯೊಡ್ಡಿ ನಿಂತರು.
ಅದೇ ನೀರನ್ನು
ಮೇಲಿನಿಂದ ಹೊಯ್ದೆವು.

ಕೊನೆಯ ಮೂರು ಸಾಲುಗಳನ್ನು ತುಳುವಿನಲ್ಲಿ ಹೇಳುವಾಗ ಅವಳ ದನಿ ಇಳಿಯಿತು. "ಇದು ಬೇಡ ಅಂತಾದರೆ ತೆಗೆಯುತ್ತೇನೆ ಅಜ್ಜೆರೇ" ಎಂದಳು. ಅವರು ಅಂಗಳದ ಕಡೆ ನೋಡಿದರು, ಬಾಗಿಲಲ್ಲಿ ನಿಂತ ಮೊಮ್ಮಗಳನ್ನು ನೋಡಿದರು.

"ಅವು ಉಪ್ಪಡ್" ಎಂದರು. ಅದು ಇರಲಿ. ಆಮೇಲೆ ಮೊಮ್ಮಗಳಿಗೆ, ಬಂದವರಿಗೆ ನೀರು ಬೆಲ್ಲ ತಂದುಕೊಡು ಎಂದರು. ಹುಡುಗಿ ಎರಡು ಲೋಟ ತಂದಳು. ನಾವು ಕೈನೀಡಿ ತೆಗೆದುಕೊಂಡೆವು.